ಹ್ಯಾಂಡಲಿನ ಭಾರ

ಗಂಗಾವತಿಯ ಯಮನೂರಪ್ಪ ಹೆದರುವುದಕ್ಕೆಂದೇ ಹುಟ್ಟಿದ ಮನುಷ್ಯ. ಟೈರು ಗಟ್ಟಿಯಾಗಿದ್ದರೂ ನಾಲ್ಕು ಸಲ ಇಳಿದು ಒದ್ದು ನೋಡುವವನು. ಆದರೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವನನ್ನು ಹಿಡಿದ ಹೆದರಿಕೆ ಸುಳ್ಳಾಗಿರಲಿಲ್ಲ.

ಎಣ್ಣೆ ಗಿರಣಿಯ ಅಂದಪ್ಪ ಧಣಿಗೆ ಎರಡು ಪುಟ್ಟ ಕಾರುಗಳಿದ್ದವು. ಹಸಿರು ಕಾರನ್ನು ಯಮನೂರಪ್ಪ ಓಡಿಸುತ್ತಿದ್ದ, ಕರಿಯದನ್ನು ಅವನಿಗಿಂತ ಹಿರಿಯನಾದ ರಸೂಲಸಾಬ. ಸರ್ಕಾರ ಪೆಟ್ರೋಲನ್ನು ಕೂಪನ್ನಿಗಿಷ್ಟೆಂದು ಅಳೆದು ಕೊಡತೊಡಗಿದ ಮೇಲೆ ಸಿಗುವುದು ಒಂದೇ ಕಾರಿಗೆ ಸಾಲುವಂತಾಯಿತು. ಹಸಿರಿನದು ಟೈರು ಬೇಗ ಸವೆಯುತ್ತದೆ, ಕರಿಯದು ಇಂಜಿನ್ ಆಯಿಲ್ ಹೆಚ್ಚು ಕೇಳುತ್ತದೆ ಎಂದು ಧಣಿ ವಾರಗಟ್ಟಲೆ ಲೆಕ್ಕ ಹಾಕಿದ, ಬಗೆಹರಿಯಲಿಲ್ಲ. ಕೊನೆಗೆ ಇಬ್ಬರನ್ನೂ ಕರೆದ.

"ಎರಡಕ್ಕೂ ಸಮಾ ಪೆಟ್ರೋಲ್ ಹಾಕಸ್ತೀನಿ. ನಾ ಬಸ್ಸಿನಾಗ ಮುಂದ ಹೋಗಿ ಕನಕಗಿರಿ ಸಂತ್ಯಾಗ ಕುಂತಿರ್ತೀನಿ. ನೀವು ಬಂದ ಮ್ಯಾಲೆ ಟಾಕಿಯೊಳಗ ಕಡ್ಡಿ ಇಳಿಸಿ ನೋಡೂದು. ಕಡಿಮಿ ಕುಡದ ಗಾಡಿ ಉಳೀತೈತಿ. ಇನ್ನೊಂದರ ಡ್ರೈವರ್ ಗಿರಣ್ಯಾಗ ಚೀಲ ಹೊರಲಿ."

ಚೀಲ ಹೊರುವುದೆಂದರೇನು ಎಂಬುದು ಯಮನೂರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪ ಮುದಿಯಪ್ಪ ಅದೇ ಗಿರಣಿಯಲ್ಲಿ ಹೊತ್ತು ಹೊತ್ತು ಈಗ ಗೋಡೆ ಹಿಡಿದು ನಡೆಯುತ್ತಿದ್ದ.

ಪರೀಕ್ಷೆಯ ದಿನ ಅವನು ರೊಟ್ಟಿ ಬಿಟ್ಟೆದ್ದು ಕಾರಿನ ಹತ್ತಿರ ಹೋದ. ಭಾರ ಕಡಿಮೆಯಾದಷ್ಟೂ ಕಾರು ಕಡಿಮೆ ಕುಡಿಯುತ್ತದೆಂದು ಹೆಚ್ಚುವರಿ ಗಾಲಿ ಇಳಿಸಿದ, ಜಾಕು ಇಳಿಸಿದ. ಅಷ್ಟಕ್ಕೂ ಸಮಾಧಾನವಾಗದೆ, ಬ್ಯಾಟರಿ ಕೈಕೊಟ್ಟಾಗ ಇಂಜಿನ್ ತಿರುವಿ ಎಬ್ಬಿಸುವ ಕಬ್ಬಿಣದ ಹ್ಯಾಂಡಲನ್ನೂ ಇಳಿಸಿದ.

"ಅದನ್ನರ ಇಟ್ಕೋರಿ. ದಾರ್ಯಾಗ ನಿಂತ್ರ?" ಎಂದಳು ಹೆಂಡತಿ ಪಕ್ಕೀರವ್ವ.

"ಎಷ್ಟ ಭಾರ ಐತಿ ನೋಡು. ಬ್ಯಾಟರಿ ಐತಲ್ಲ, ಸುಮ್ನಿರು."

ಮೊದಲು ಹೊರಟವನು ಅವನೇ. ಇಳಿಜಾರು ಬಂದಲ್ಲಿ ಇಂಜಿನ್ ಬಂದ್ ಮಾಡಿ ಕಾರನ್ನು ಸುಮ್ಮನೆ ಉರುಳಲು ಬಿಡುವುದು ಆ ಕಾಲದ ಡ್ರೈವರರ ರೂಢಿ. ಯಮನೂರಪ್ಪನೂ ಹಾಗೇ ಮಾಡಿದ. ಇಳಿಜಾರು ಮುಗಿದು ಕಾರು ನಿಂತ ಮೇಲೆ ಸ್ಟಾರ್ಟರ್ ಗುಂಡಿ ಒತ್ತಿದರೆ ಟಕ್ ಎಂದಿತು, ಅಷ್ಟೇ. ಹಳೆಯ ಬ್ಯಾಟರಿ, ಯುದ್ಧದಲ್ಲಿ ಹೊಸದು ಎಲ್ಲಿಂದ ಬರಬೇಕು? ಟಾಕಿಯಲ್ಲಿ ಪೆಟ್ರೋಲಿದೆ, ಕಾರು ಮಾತ್ರ ಅಲುಗುತ್ತಿಲ್ಲ. ಒಬ್ಬನೇ ನೂಕಿದ. ನೂಕಿಕೊಂಡು ಓಡಿ ಒಳಗೆ ಜಿಗಿಯುವಷ್ಟರಲ್ಲಿ ನಿಂತೇಬಿಡುತ್ತಿತ್ತು. ಅಳು ಬಂತು.

ಹಿಂದೆ ಧೂಳೆದ್ದಿತು. ಕರಿ ಕಾರು. ನಿಂತ ಗಾಡಿಯನ್ನು ದಾಟಿ ಹೋಗಬಾರದೆಂಬುದು ಡ್ರೈವರರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಕಟ್ಟಳೆ. ಆದರೆ ಇವತ್ತು ಯಾರು ನಿಲ್ಲುತ್ತಾರೆ? ನಾನಾಗಿದ್ದರೆ ನಿಲ್ಲುತ್ತಿರಲಿಲ್ಲ ಎಂದುಕೊಂಡ ಯಮನೂರಪ್ಪ. ಕರಿ ಕಾರು ಅವನನ್ನು ದಾಟಿಯೇ ಹೋಯಿತು. ಸ್ವಲ್ಪ ಮುಂದೆ ಹೋಗಿ ನಿಂತಿತು.

ಇಳಿದು ಬಂದ ರಸೂಲಸಾಬ ಕೇಳಿದ, "ಹ್ಯಾಂಡಲ್ ಎಲ್ಲೈತೋ?"

"ಭಾರ ಆಗ್ತೈತಂತ ಮನ್ಯಾಗ ಇಟ್ಟು ಬಂದೆ, ಕಾಕಾ."

"ನಿನ್ನ ತಲಿ! ನಂದು ನಿನ್ನ ಗಾಡಿಗೆ ಕೂಡಂಗಿಲ್ಲ. ಒಳಗ ಕುಂದ್ರು, ನಾ ನೂಕ್ತೀನಿ."

"ನಿಮ್ಮ ಇಂಜಿನ್ನರ ಬಂದ್ ಮಾಡ್ರಿ, ಪೆಟ್ರೋಲ್ ಸುಡಾಕ ಹತ್ತೈತಿ."

"ಸುಡಲಿ. ಬಂದ್ ಮಾಡಿದ್ರ ಹ್ಯಾಂಡಲ್ ತಿರುವಿದ್ರೂ ನಂದು ಮತ್ತ ಏಳೂದು ಖಾತ್ರಿ ಇಲ್ಲ."

ಹಸಿರು ಕಾರು ಒಂದೇ ನೂಕಿಗೆ ಏಳಲಿಲ್ಲ. ರಸೂಲಸಾಬ ಬೆವರು ಒರೆಸಿಕೊಳ್ಳುತ್ತ ನೂಕುತ್ತಲೇ ಇದ್ದ, ಅವನ ಕಾರು ನಿಂತಲ್ಲೇ ಗುರುಗುಟ್ಟುತ್ತ ಪೆಟ್ರೋಲು ಕುಡಿಯುತ್ತಲೇ ಇತ್ತು. ಕೊನೆಗೂ ಹಸಿರಿನದು ಎದ್ದಿತು.

ಕನಕಗಿರಿಯಲ್ಲಿ ಧಣಿ ಕಡ್ಡಿ ಇಳಿಸಿದ. ಹಸಿರು ಕಾರಿನಲ್ಲೇ ಹೆಚ್ಚು ಉಳಿದಿತ್ತು. ಯಮನೂರಪ್ಪನಿಗೆ ಸಂತೋಷವಾಗಲಿಲ್ಲ. ನಡೆದದ್ದನ್ನೆಲ್ಲ ಅಲ್ಲೇ ಹೇಳಿಬಿಟ್ಟ.

ಧಣಿ ಕಡ್ಡಿಯನ್ನು ಒರೆಸಿಟ್ಟ. "ಕಡ್ಡಿ ಹೇಳಿದ್ದು ಹೇಳೇತಿ. ಹಸಿರು ಗಾಡಿ ಇರಲಿ. ಕರೀದು ಇಲ್ಲೇ ನನ್ನ ಅಳಿಯನ ಮನಿ ಮುಂದ ನಿಲ್ಲಲಿ. ಆದ್ರ ಹ್ಯಾಂಡಲ್ ಬಿಟ್ಟು ಬರೂ ಹುಚ್ಚನ ಕೈಯಾಗ ನಾ ಕುಂದ್ರಂಗಿಲ್ಲ. ರಸೂಲಸಾಬ, ಇದನ್ನ ನೀ ಹೊಡಿ. ಯಮನೂರ, ನಾಳಿಂದ ನೀ ಗಿರಣಿಗೆ ಹೋಗು."

ಯಮನೂರಪ್ಪ ಕೀಲಿ ಕೊಟ್ಟ. ಧಣಿ ಹಿಂದಿನ ಸೀಟಿನಲ್ಲಿ ಕುಳಿತ. ರಸೂಲಸಾಬ ಗುಂಡಿ ಒತ್ತಿದ. ಟಕ್.

"ನೂಕೋ ಯಮನೂರಾ."

ನೂಕಿದ. ಕಾರು ಎದ್ದಿತು. ರಸೂಲಸಾಬ ಇಂಜಿನ್ ಬಂದ್ ಮಾಡದೆ ಪಕ್ಕದ ಬಾಗಿಲು ತೆರೆದ. "ಹತ್ತು. ದಾರ್ಯಾಗ ನಿಂತ್ರ ಇದನ್ನ ನೂಕಾವ್ರು ಯಾರು? ಧಣ್ಯಾರಾ?"

ಯಮನೂರಪ್ಪ ಹೆದರಿ ಧಣಿಯ ಮುಖ ನೋಡಿದ. ಇಂಜಿನ್ ಗುರುಗುಟ್ಟುತ್ತಿತ್ತು. ಧಣಿಗೆ ತಡೆಯಲಾಗಲಿಲ್ಲ. "ಹತ್ತಲೇ, ಹತ್ತು! ಪೆಟ್ರೋಲ್ ಸುಡಾಕ ಹತ್ತೈತಿ!"

ಮರುದಿನ ಪಕ್ಕೀರವ್ವ ಹ್ಯಾಂಡಲನ್ನು ತಾನೇ ಗಿರಣಿಗೆ ಹೊತ್ತು ತಂದಳು. ರಸೂಲಸಾಬ ಅದನ್ನು ಕಾರಿಗೆ ಹಾಕಿಕೊಳ್ಳಲಿಲ್ಲ, ಮೂಲೆಗೆ ಒರಗಿಸಿಟ್ಟ. ಯುದ್ಧ ಮುಗಿಯುವವರೆಗೂ ಅದು ಅಲ್ಲೇ ತುಕ್ಕು ಹಿಡಿಯಿತು, ಯಮನೂರಪ್ಪ ಚೀಲ ಹೊರದೆ ಕಾರು ನೂಕಿದ. ಹ್ಯಾಂಡಲನ್ನು ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಧಣಿ ಕೇಳಿದಾಗಲೆಲ್ಲ ರಸೂಲಸಾಬ ಹೇಳುತ್ತಿದ್ದದ್ದು ಒಂದೇ ಮಾತು:

"ಹ್ಯಾಂಡಲ್ ಭಾಳ ಭಾರ ಐತ್ರಿ, ಧಣಿ. ಗಾಡಿ ಪೆಟ್ರೋಲ್ ಕುಡೀತೈತಿ."