ನಮ್ಮ ಲಾಡ್ಜಿನ ಹಳೇ ಜವಾನರು

ಮೊನ್ನೆ ಮೂರನೇ ನಂಬರಿನ ಕೋಣೆಗೆ ಬಣ್ಣ ಹಚ್ಚಿಸಬೇಕೆಂದು ಗೋಡೆಯ ಕಪಾಟು ತೆರೆದೆ. ಅರಗಿನ ವಾಸನೆ ಬಂತು, ಸರಕಾರಿ ಲಕೋಟೆಗಳಿಗೆ ಮುದ್ರೆ ಒತ್ತುತ್ತಿದ್ದ ಕೆಂಪು ಅರಗು. ಅದರ ಹಿಂದೆಯೇ ನಮ್ಮ ಜವಾನರೂ ನೆನಪಾದರು...

ಸಿಂದಗಿಯ ಈ ಕಟ್ಟಡದಲ್ಲಿ ಮೊದಲು ಸರಕಾರಿ ಕಚೇರಿಯಿತ್ತು. ಅದು ಬೇರೆಡೆ ಹೋದ ಮೇಲೆ ಏಳೆಂಟು ವರ್ಷ ಪಾರಿವಾಳಗಳೇ ಕಾರಭಾರ ನಡೆಸಿದವು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಮನಗೂಳಿಯ ಹೊಲ ಮಾರಿ ಇದನ್ನು ಕೊಂಡೆ. ಶಹರದಲ್ಲಿರುವಂಥ ಲಾಡ್ಜು ಮಾಡುವ ಹುಚ್ಚು. ಗಾಜಿನ ಬಾಗಿಲು, ಸೋಫಾ, ಕಾಲು ಜಾರುವಂಥ ಟೈಲ್ಸು, ಎಲ್ಲ ಆಯಿತು. ಅದೇ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ಜವಾನರೊಬ್ಬರನ್ನೇ ಬಾಗಿಲಿಗೆ ಇಟ್ಟುಕೊಂಡೆ. ಅವರು ತಮ್ಮ ಹಳೆಯ ಖಾಕಿಗೆ ಇಸ್ತ್ರಿ ಹೊಡೆದುಕೊಂಡು ಬಂದರು.

ತಿಂಗಳು ಕಳೆದರೂ ಒಬ್ಬ ಗಿರಾಕಿಯಿಲ್ಲ. ಮಂದಿ ಬರುತ್ತಿದ್ದರು, ಖಾಕಿ ಕಂಡು ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, ವಾಪಸು ಹೋಗುತ್ತಿದ್ದರು. ಹೊಲ ಹೋಯಿತು, ಇನ್ನು ಮಾನವೂ ಹೋಗುತ್ತದೆಂದು ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ದೇವರ ಹಿಪ್ಪರಗಿಯ ಮುದುಕಿಯೊಬ್ಬಳು ಬಂದಳು. ಮಗಳನ್ನು ದವಾಖಾನೆಗೆ ತೋರಿಸಲು ಬಂದವಳಿಗೆ ಬಸ್ಸು ತಪ್ಪಿತ್ತು.

"ಸಾಹೇಬ್ರು ಅದಾರೇನ್ರಿ?"

"ಊಟಕ್ಕ ಹೋಗ್ಯಾರ. ನಾಳೆ ಬರ್ರಿ," ಎಂದುಬಿಟ್ಟರು ಜವಾನರು.

ಸಂಜೆ ಆರಕ್ಕೆ ಎಂಥ ಊಟವೋ! ಆ ಸಾಹೇಬನಾದ ನಾನು ಕೌಂಟರಿನಲ್ಲೇ ಕೂತಿದ್ದೆ. ತಾಯಿ ಮಗಳು ತಿರುಗಿ ಹೊರಟೇಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಜವಾನರು ತಾವೇ ನಾಲಿಗೆ ಕಚ್ಚಿಕೊಂಡು, "ಯವ್ವಾ, ನಿಂದ್ರಬೇ! ನನ್ನದು ತಪ್ಪಾತು!" ಎಂದು ಕೂಗುತ್ತ ಓಡಿದರು. ಬಸ್‌ಸ್ಟ್ಯಾಂಡಿನಿಂದ ಅವರ ಗಂಟನ್ನು ತಾವೇ ಹೊತ್ತು ಕರೆತಂದರು. ಆ ಇಬ್ಬರೇ ನಮ್ಮ ಮೊದಲ ಗಿರಾಕಿಗಳು.

"ಮೂವತ್ತ ವರ್ಷ ಮಂದೀನ ತಿರುಗಿ ಕಳಿಸೋದ ನೌಕರಿ ಆಗಿತ್ರಿ. ಬಾಯಿ ಅದನ್ನ ಕಲತೈತಿ," ಎಂದರು. ಕಣ್ಣು ಒದ್ದೆಯಾಗಿತ್ತು.

ಮರುದಿನ ಖಾಕಿ ಇಲ್ಲ. ಬಿಳಿ ಧೋತರ, ತಲೆಗೆ ಪಟಕಾ. ಬಾಗಿಲಲ್ಲಿ ನೀರಿನ ಕೊಡ, ತಾಟಿನಲ್ಲಿ ಬೆಲ್ಲ. ಬೀಗರು ಬಂದರೇನೋ ಎಂಬಂತೆ, "ಬರ್ರಿ, ಒಳಗ ಬರ್ರಿ, ಚಪ್ಪಲ ಇರ್ಲಿ," ಎನ್ನುವರು. ಕೋಣೆಗಳು ತುಂಬತೊಡಗಿದವು. ಅಷ್ಟು ಖುಷಿಯಿಂದ ದುಡಿದ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ನಾನೂ ಆ ವರ್ಷಗಳಲ್ಲಿ ಸುಖವಾಗಿದ್ದೆ.

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು... ಕಳೆದ ವಾರ ಹಳೆಯ ಗಿರಾಕಿಯೊಬ್ಬ ಬಂದು, ಬಾಗಿಲ ಆಚೀಚೆ ನೋಡಿ, "ಆ ಅಜ್ಜಾರು ಎಲ್ಲದಾರ್ರಿ?" ಎಂದ. ಹೇಳಿದೆ. ಆತ ಒಳಗೆ ಬರದೆ ಅಲ್ಲೇ ನಿಂತ.

"ಹಂಗಾರ ಇನ್ನ ಬಾ ಅನ್ನಾವ್ರು ಯಾರ್ರಿ?"

ಅನ್ನಬೇಕಾದವನು ನಾನೇ. ಅವನ ಕೈಚೀಲ ಇಸಿದುಕೊಂಡು ಒಳಗೆ ನಡೆದೆ.