ಕೊಂಡಿ ಇಲ್ಲದ ನಾಣ್ಯ

ಹತ್ತು ರೂಪಾಯಿಯ ನಾಣ್ಯವನ್ನು ಹತ್ತು ರೂಪಾಯಿಗಿಂತ ಹೆಚ್ಚು ಕೊಟ್ಟು ಕೊಂಡು, ಅದರಿಂದ ಒಂದು ಲೋಟ ಕಾಫಿಯನ್ನೂ ಕುಡಿಯದೆ ಬೀರುವಿನಲ್ಲಿಟ್ಟು ಬೀಗ ಹಾಕುವವನನ್ನು ನೀವು ಏನೆಂದು ಕರೆಯುತ್ತೀರೋ ಕಾಣೆ. ನನ್ನ ಹೆಂಡತಿ ಕರೆಯುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ನಾನು ಮಾತ್ರ ನನ್ನನ್ನು ನಾಣ್ಯಸಂಗ್ರಾಹಕ ಎಂದು ಕರೆದುಕೊಳ್ಳುತ್ತೇನೆ. ಬಬ್ಬೂರು ಫಾರಮ್ಮಿನಲ್ಲಿ ಬೀಜದ ಚೀಲಗಳಿಗೆ ಚೀಟಿ ಬರೆಯುವ ಗುಮಾಸ್ತನಿಗೆ ಇಷ್ಟು ದೊಡ್ಡ ಹೆಸರು ಬೇರೆ ದಾರಿಯಲ್ಲಿ ಸಿಗುತ್ತಿರಲಿಲ್ಲ.

ಈ ರೋಗ ಹತ್ತಿದ್ದು ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದಾಗ. ಆ ನೆನಪಿಗೆ ಸರ್ಕಾರ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ಹೊರಡಿಸಿತ್ತು; ಚಿತ್ರದುರ್ಗಕ್ಕೆ ಹೋಗಿ ಸಾಲಿನಲ್ಲಿ ನಿಂತು ಒಂದನ್ನು ತಂದೆ. ಮುಂಬಯಿಯ ಟಂಕಸಾಲೆಗೆ ಮೊದಲೇ ಹಣ ಕಳಿಸಿದರೆ ಕನ್ನಡಿಯಂತೆ ಹೊಳೆಯುವ ನಾಣ್ಯ ಅಂಚೆಯಲ್ಲೇ ಬರುತ್ತದೆಂದು ಆಮೇಲೆ ತಿಳಿಯಿತು. ಜೊತೆಗೆ ಒಂದಿಷ್ಟು ಶಾಸ್ತ್ರವನ್ನೂ ಕಲಿತೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಹುಣಸೆಹಣ್ಣು ಹಾಕಿ ಉಜ್ಜಬಾರದು. ತೂತು ಕೊರೆದದ್ದು, ಕೊಂಡಿ ಬೆಸೆದದ್ದು ನಾಣ್ಯವೇ ಅಲ್ಲ. ದುರ್ಗದ ಕೋಟೆಯಲ್ಲಿ ಜೋರು ಮಳೆ ಬಂದ ಮಾರನೆಯ ದಿನ ಪಾಳೆಯಗಾರರ ಕಾಲದ ಚಿನ್ನದ ಹಣ, ಬೇಳೆಯಷ್ಟು ಚಿಕ್ಕದು, ಮಣ್ಣಿನಲ್ಲಿ ಸಿಗುತ್ತದೆ ಎನ್ನುತ್ತಾರೆ. ಅಂಥದ್ದೊಂದನ್ನು ಪರಿಚಯದವರೊಬ್ಬರು ಮಗಳ ಸರಕ್ಕೆ ಪೋಣಿಸಿದ್ದನ್ನು ಕಂಡು, "ಹಾಳು ಮಾಡಿದಿರಲ್ಲ" ಎಂದು ಅವರ ಮನೆಯ ಕಾಫಿ ಕುಡಿಯುತ್ತಲೇ ಬೈದು ಬಂದವನು ನಾನು.

ಇಷ್ಟು ತಿಳಿದವನಿಗೆ ಅವ್ವನ ಕೊರಳು ಕಾಣದೆ ಇರುತ್ತದೆಯೇ?

ಅವ್ವ ಧರ್ಮಪುರದ ಕಡೆಯವಳು, ಕುರಿ ಸಾಕುವವರ ಮಗಳು. ಅವರ ಮನೆತನದಲ್ಲಿ ಒಂದು ಪದ್ಧತಿ: ಮಗು ಹುಟ್ಟಿ ಹೆಸರಿಟ್ಟ ಮೇಲೆ ಅಪ್ಪನಾದವನು ಬ್ರಿಟಿಷ್ ರಾಜನ ಮುಖವಿರುವ ಒಂದು ಬೆಳ್ಳಿ ರೂಪಾಯಿ ತಂದು, ಅಕ್ಕಸಾಲಿಯಿಂದ ಕೊಂಡಿ ಬೆಸೆಸಿ, ತಾಯಿಯ ಕೊರಳ ಕರಿದಾರಕ್ಕೆ ಸೇರಿಸಬೇಕು. ಅವ್ವನ ದಾರದಲ್ಲಿ ಏಳು ರೂಪಾಯಿ ಇದ್ದವು. ನಾವು ಉಳಿದವರು ನಾಲ್ವರು. ಹೋದ ಮೂವರ ರೂಪಾಯಿಯನ್ನು ದಾರದಿಂದ ತೆಗೆಯುವ ಪದ್ಧತಿ ಇರಲಿಲ್ಲ. ಯಾವುದು ಯಾರದೆಂದು ಅವ್ವನಿಗೆ ಮುಟ್ಟಿದರೇ ಗೊತ್ತಾಗುತ್ತಿತ್ತು. "ಇದು ಈರಣ್ಣ. ಇದು ಕರಿಯಮ್ಮ. ಇದು ನೀನು ಕಣಪ್ಪ, ಮೊಲೆ ಕುಡಿವಾಗ ಇದನ್ನೇ ಚೀಪಿ ಚೀಪಿ ರಾಜನ ಮೂಗು ಸವೆಸಿದೀಯ" ಎನ್ನುತ್ತಿದ್ದಳು. ನಾನು ಹುಟ್ಟುವ ಮೊದಲೇ ಮೈಲಿಬೇನೆಯಲ್ಲಿ ಹೋದ ಅಣ್ಣ ಈರಣ್ಣನನ್ನು ನಾನು ಕಂಡದ್ದು ಆ ರೂಪಾಯಿಯಲ್ಲಿ ಮಾತ್ರ.

ಎಪ್ಪತ್ನಾಲ್ಕರಲ್ಲಿ ಐವತ್ತು ರೂಪಾಯಿಯ ಬೆಳ್ಳಿ ನಾಣ್ಯ ಬರುತ್ತದೆಂದು ಸುದ್ದಿಯಾಯಿತು. ಸಂಬಳದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆಗ ನನ್ನ ವಿದ್ಯೆಯೆಲ್ಲ ನಾಲಿಗೆಗೆ ಬಂತು. ಕೊಂಡಿ ಬೆಸೆದದ್ದಕ್ಕೆ ಬೆಲೆಯೇ ಇಲ್ಲವೆಂದೂ, ರಾಜನ ಕಾಲ ಮುಗಿದುಹೋಯಿತೆಂದೂ, ನಮ್ಮದೇ ಸರ್ಕಾರದ ಹೊಸ ಬೆಳ್ಳಿ ತರಿಸುತ್ತೇನೆಂದೂ ಅವ್ವನಿಗೆ ಹೇಳಿದೆ. ಹಳೆಯದರ ಜಾಗಕ್ಕೆ ಹೊಸದು ಕೊರಳಿಗೆ ಬರುತ್ತದೆಂದು ಅವಳು ತಿಳಿದಳು. ಹಾಗೆ ತಿಳಿದಳೆಂದು ನನಗೆ ಗೊತ್ತಿತ್ತು. ಅಲ್ಲವೆಂದು ನಾನು ಹೇಳಲಿಲ್ಲ.

"ಓದಿದೋನು ನೀನು, ನಿಂಗೆ ಗೊತ್ತೈತೆ" ಎಂದು ದಾರ ಬಿಚ್ಚಿ ಕೊಟ್ಟಳು.

ಹಿರಿಯೂರಿನ ಅಕ್ಕಸಾಲಿ ಏಳನ್ನೂ ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದ. "ಅವ್ವಾರ್ನ ಕೇಳಿದೀರೇನ್ರಿ? ಒಂದ್ಸಲ ಕರಗಿದ್ರೆ ಮುಗೀತು." ಕೇಳಿದ್ದೇನೆ ಎಂದೆ. ಸುಳ್ಳೇನಲ್ಲ. ಮೂಸೆಯಲ್ಲಿ ಮೊದಲು ರಾಜನ ಮುಖ ಹೋಯಿತು, ಆಮೇಲೆ ಅಂಚು. ನಾನು ನಿಂತು ನೋಡಿದೆ. ಬೆಳ್ಳಿ ಕರಗುವುದು ಎಷ್ಟು ಚೆಂದ ಎಂದೂ ಅನ್ನಿಸಿತು. ನನ್ನ ಬಗ್ಗೆ ಇದಕ್ಕಿಂತ ಕೀಳಾದ ಸಂಗತಿ ನನ್ನ ಬಳಿ ಇನ್ನೊಂದಿಲ್ಲ.

ಆ ಬೆಳ್ಳಿ ಮಾರಿದ ಹಣವನ್ನು ಮುಂಬಯಿಗೆ ಕಳಿಸಿ ತಿಂಗಳುಗಟ್ಟಲೆ ಕಾದ ಮೇಲೆ ರಿಜಿಸ್ಟರ್ಡ್ ಅಂಚೆಯಲ್ಲಿ ನಾಣ್ಯ ಬಂತು. ಅದರಲ್ಲಿ ಅರ್ಧ ಮಾತ್ರ ಬೆಳ್ಳಿ, ಉಳಿದದ್ದು ಬೆರಕೆ ಎಂದು ಆಮೇಲೆ ಓದಿದೆ. ಅಪ್ಪ ತಂದಿದ್ದ ರೂಪಾಯಿಗಳು ಇದಕ್ಕಿಂತ ಎಷ್ಟೋ ಶುದ್ಧ. ಕೊಂಡಿಯ ಮೇಲೆ ಕಣ್ಣಿಟ್ಟ ಪಂಡಿತನಿಗೆ ಬೆಳ್ಳಿ ಕಂಡಿರಲಿಲ್ಲ.

ಅವ್ವ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದು ಕುಳಿತಳು. ಮಡಿಲಲ್ಲಿ ಹೊಸ ಕರಿದಾರ ಇತ್ತು. "ಒಂದೇ ಐತಲ್ಲಪ್ಪ. ಆಗ್ಲಿ, ದೊಡ್ಡದೈತೆ. ಕೊಂಡಿ ಹಾಕಿಸ್ಕಂಡ್ ಬಾ."

ಇದಕ್ಕೆ ಕೊಂಡಿ ಹಾಕಿಸುವಂತಿಲ್ಲ, ಹಾಕಿಸಿದರೆ ಕೆಟ್ಟಿತು ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಈ ಪ್ರಬಂಧದ ಅವಶ್ಯಕತೆಯೇ ಇರುತ್ತಿರಲಿಲ್ಲ. ನಾಣ್ಯದ ಮೇಲೆ ಇರುವುದು ಯಾರೆಂದು ಕೇಳಿದಳು. ಅದು ಕುಟುಂಬ ಯೋಜನೆಯ ನಾಣ್ಯ. ಗಂಡ, ಹೆಂಡತಿ, ಚಿಕ್ಕ ಸಂಸಾರ. "ಒಂದು ಮನೆಯವ್ರು ಕಣವ್ವ" ಎಂದೆ.

ನಾನು ತಡೆಯುವ ಮೊದಲೇ ಅವ್ವನ ಹೆಬ್ಬೆರಳು ಅದರ ಮೇಲೆ ಓಡಾಡಿತು. ಒಂದೊಂದೇ ತಲೆ ಸವರಿದಳು. ಹಿಂದೆ ತಿರುಗಿಸಿ ನೋಡಿದಳು. ಮತ್ತೆ ಮುಂದೆ ತಿರುಗಿಸಿದಳು.

"ಉಳಿದೋರು ಎಲ್ಲವ್ರೆ?"

"ಅವರು ನಮ್ಮ ಮನೆಯವರಲ್ಲವ್ವ."

"ನಮ್ಮೋರಲ್ಲಾ?" ಅವ್ವ ನಾಣ್ಯವನ್ನು ನನ್ನ ಕೈಗೆ ಕೊಟ್ಟು, ಮಡಿಲಿನ ದಾರವನ್ನು ಸುತ್ತಿ ಎದ್ದಳು. "ಮತ್ತೆ ಯಾಕ್ ಇಟ್ಕಂಡಿದೀಯಪ್ಪ?"

ನನ್ನ ಬಳಿ ಈಗ ಹನ್ನೊಂದು ನಾಣ್ಯಗಳಿವೆ. ಯಾರಾದರೂ ನೋಡಲು ಬಂದರೆ ಪ್ರತಿಯೊಂದರ ವರ್ಷ, ತೂಕ, ಟಂಕಸಾಲೆಯ ಗುರುತು, ಎಲ್ಲವನ್ನೂ ತಡವರಿಸದೆ ಹೇಳುತ್ತೇನೆ. ಬಂದವರು ಮೆಚ್ಚಿ ತಲೆದೂಗುತ್ತಾರೆ. ಅವ್ವ ಕೇಳಿದ್ದನ್ನು ಅವರಲ್ಲಿ ಒಬ್ಬರೂ ಕೇಳಿಲ್ಲ. ಅದಕ್ಕೇ ಅವರನ್ನು ಮತ್ತೆ ಮತ್ತೆ ಕರೆಯುತ್ತೇನೆ.