ಯಾನ್ ಮೇಷ್ಟ್ರ ಇಂಗ್ಲಿಷ್

ಅಮೆರಿಕದಲ್ಲಿ ಓದು ಮುಗಿದರೂ ಕೆಲಸ ಸಿಗದ ದಿನಗಳವು. ಚೀನಾದ ಒಂದು ಇಂಗ್ಲಿಷ್ ತರಬೇತಿ ಕೇಂದ್ರದವರು ಗ್ಲೆಂಡೇಲ್‌ನಲ್ಲಿ ಇಂಟರ್‌ವ್ಯೂ ಇಟ್ಟಿದ್ದರು. ಸ್ಯಾನ್ ಡಿಯಾಗೋದಿಂದ ಕಾರಿನಲ್ಲಿ ಕರೆತಂದವನು ಗೆಳೆಯ ಯಾನ್, ಪೋಲೆಂಡಿನ ಹೊಂಗೂದಲಿನ ಹುಡುಗ. ದಾರಿಯುದ್ದಕ್ಕೂ ಕಡಲ ಮಂಜು. ನಾನು ಮನಸ್ಸಿನಲ್ಲಿ ಆಗಲೇ ಚೀನಾದ ಯಾವುದೋ ತರಗತಿಯಲ್ಲಿ ನಿಂತಿದ್ದೆ.

"ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ," ಎಂದರು ಇಂಟರ್‌ವ್ಯೂ ಮಾಡಿದ ಮೇಡಂ, ಸಂಕೋಚದಿಂದ. "ಆದರೆ ಪೋಷಕರು ಮೊದಲು ಟೀಚರ್ ಫೋಟೋ ನೋಡ್ತಾರೆ. ನಮ್ಮ ಸೆಂಟರಿನ ಹೆಸರು ನಿಂತಿರೋದೇ ಅದರ ಮೇಲೆ." ಅವರ ಕಣ್ಣು ಬಾಗಿಲಾಚೆ ತೂಕಡಿಸುತ್ತಿದ್ದ ಯಾನ್ ಮೇಲಿತ್ತು. "ಅವರೂ ಕಲಿಸ್ತಾರಾ?"

"ಐ ಟೀಚಿಂಗ್? ನೋ, ಐ ಡ್ರೈವಿಂಗ್," ಅಂದ ಯಾನ್. ಕೆಲಸ ಅವನಿಗೇ ಸಿಕ್ಕಿತು.

ಮರಳುವಾಗ ಕಡಲಂಚಿನ ಟೊರ್ರಿ ಪೈನ್ಸ್ ಹತ್ತಿರ ಕಾರು ನಿಲ್ಲಿಸಿ, "ನೀನು ಬೇಡ ಅಂದರೆ ಹೋಗಲ್ಲ," ಎಂದ. ಹೊಟ್ಟೆ ಉರಿಯುತ್ತಿತ್ತು. ಆದರೂ, "ಹೋಗು, ಪಾಠ ನಾನು ಹೇಳಿಕೊಡ್ತೀನಿ," ಅಂದೆ.

ಚೀನಾಕ್ಕೆ ಹೋದ ಯಾನ್, ಪ್ರತಿ ಪಾಠವನ್ನೂ ವಿಡಿಯೋ ಕಾಲ್‌ನಲ್ಲಿ ನನ್ನಿಂದ ಕಲಿತು, ಆಮೇಲೆ ಮಕ್ಕಳಿಗೆ ಕಲಿಸಿದ. ಒಂದು ದಿನ ಫೋನನ್ನು ತರಗತಿಯತ್ತ ತಿರುಗಿಸಿದ. ಮಕ್ಕಳೆಲ್ಲ ಎದ್ದು, ನನ್ನ ಬಸವನಗುಡಿ ಸ್ಕೂಲಿನ ರಾಗದಲ್ಲೇ, "ಗುಡ್ ಮಾರ್ನಿಂಗ್, ಮಿಸ್..." ಎಂದು ಎಳೆದರು. ಕನಸೋ ನಿಜವೋ ತಿಳಿಯದೆ ನಾನೂ ಎದ್ದು ನಿಂತೆ.

ಪೋಷಕರು ಆ ರಾಗವನ್ನೇ ಅಪ್ಪಟ ಅಮೆರಿಕನ್ ಉಚ್ಚಾರಣೆ ಎಂದು ಮೆಚ್ಚಿಕೊಂಡಿದ್ದಾರಂತೆ.